ಒಂದು ಫಲಕ, ಮೂರು ವಾಕ್ಯ: ಅಗಸ್ತ್ಯ ನಕ್ಷತ್ರದ ಹೆಸರಿನ ಪ್ರಕರಣ

ಪ್ರಸಂಗ

ಭಾಗಮಂಡಲದ ಸಮೀಪದ ಒಂದು ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬರೆದು ತಂದ ಫಲಕವೇ ಈ ಪ್ರಕರಣದ ವಸ್ತು. ಫಲಕದ ಮೇಲ್ಭಾಗದಲ್ಲಿ ನೀಲಿ ಬಣ್ಣ ಬಳಿದ ರಾತ್ರಿಯ ಆಕಾಶ, ಕೆಳಗೆ ಬ್ರಹ್ಮಗಿರಿ ಬೆಟ್ಟದ ರೇಖೆ, ನಡುವೆ ಒಂದೇ ಒಂದು ದೊಡ್ಡ ನಕ್ಷತ್ರ. ಚಿತ್ರದ ಅಡಿಯಲ್ಲಿ ಮೂರು ವಾಕ್ಯಗಳಿದ್ದವು. ಮೊದಲನೆಯದು, 'ಅಗಸ್ತ್ಯ ಎಂದರೆ ಬೆಟ್ಟವನ್ನು ನಿಲ್ಲಿಸಿದವನು.' ಎರಡನೆಯದು, 'ತುಲಾ ಸಂಕ್ರಮಣದ ದಿನ ಈ ನಕ್ಷತ್ರ ಹುಟ್ಟುವುದರಿಂದ ತಲಕಾವೇರಿಯಲ್ಲಿ ತೀರ್ಥ ಉಕ್ಕುತ್ತದೆ.' ಮೂರನೆಯದು, 'ಅಗಸ್ತ್ಯನು ಕುಂಭದಲ್ಲಿ ಹುಟ್ಟಿದ್ದರಿಂದ ಪಾಶ್ಚಾತ್ಯರು ಈ ನಕ್ಷತ್ರವನ್ನು ಕ್ಯಾನೋಪಸ್ ಎಂದರು; ಕ್ಯಾನೋಪಿಕ್ ಎಂದರೆ ಕುಂಭ.'

ಶಾಲೆಯ ವಿಜ್ಞಾನ ಶಿಕ್ಷಕರಿಗೆ ಎರಡನೆಯ ವಾಕ್ಯ ಒಪ್ಪಿಗೆಯಾಗಲಿಲ್ಲ, ಕನ್ನಡ ಶಿಕ್ಷಕರಿಗೆ ಮೊದಲನೆಯದರ ಬಗ್ಗೆ ಅನುಮಾನವಿತ್ತು, ಆದರೆ ಮೂರನೆಯದನ್ನು ಇಬ್ಬರೂ ಮೆಚ್ಚಿಕೊಂಡಿದ್ದರು. ಮಡಿಕೇರಿಯಲ್ಲಿ ನಿವೃತ್ತ ಜೀವನ ನಡೆಸುತ್ತ, ಹಳೆಯ ಪಂಚಾಂಗ ಮತ್ತು ಹಳೆಯ ದುರ್ಬೀನು ಎರಡನ್ನೂ ಕೈಬಿಡದೆ ಇಟ್ಟುಕೊಂಡಿರುವ ನನ್ನ ಬಳಿಗೆ ಫಲಕ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಪ್ರದರ್ಶನವಿದ್ದದ್ದು ನವೆಂಬರ್‌ನಲ್ಲಿ. ಒಂದು ಸಂಜೆಯಲ್ಲಿ ತಿದ್ದಿ ಕಳುಹಿಸಬಹುದೆಂದುಕೊಂಡ ಕೆಲಸ ಎರಡು ತಿಂಗಳು ಹಿಡಿಯಿತು. ಮೂರು ವಾಕ್ಯಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲದಿರುವುದೇ ಅದಕ್ಕೆ ಕಾರಣ. ಪೂರ್ತಿ ಸುಳ್ಳನ್ನು ಒಂದು ಗೆರೆ ಎಳೆದು ಹೊಡೆದುಹಾಕಬಹುದು. ಎರಡು ನಿಜಗಳನ್ನು 'ಆದ್ದರಿಂದ' ಎಂಬ ಒಂದು ಪದದಿಂದ ಹೊಲಿದಾಗ ಹುಟ್ಟುವ ತಪ್ಪನ್ನು ಬಿಡಿಸಲು ಹೊಲಿಗೆಯನ್ನೇ ಹುಡುಕಬೇಕಾಗುತ್ತದೆ.

ನಕ್ಷತ್ರದ ಪರಿಚಯ

ರಾತ್ರಿಯ ಆಕಾಶದಲ್ಲಿ ಲುಬ್ಧಕವನ್ನು (ಸಿರಿಯಸ್) ಬಿಟ್ಟರೆ ಅತ್ಯಂತ ಪ್ರಕಾಶಮಾನವಾಗಿ ಕಾಣುವ ನಕ್ಷತ್ರ ಅಗಸ್ತ್ಯ. ಅದರ ಕಾಂತಿಮಾನ (ಈ ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) ಸುಮಾರು ಮೈನಸ್ 0.7, ದೂರ ಸುಮಾರು 310 ಜ್ಯೋತಿರ್ವರ್ಷ. ಅಂದರೆ ಇಂದು ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಮಡಿಕೇರಿಯಲ್ಲಿ ಹಾಲೇರಿ ಅರಸರು ಆಳುತ್ತಿದ್ದರು. ಖಗೋಳದ ವಿಷುವದ್ವೃತ್ತದಿಂದ, ಅಂದರೆ ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಕಲ್ಪಿಸಿಕೊಂಡ ಗೆರೆಯಿಂದ, ಅದು ಸುಮಾರು 52.7 ಡಿಗ್ರಿ ದಕ್ಷಿಣದಲ್ಲಿದೆ. ಈ ಪ್ರಕರಣದಲ್ಲಿ ಮತ್ತೆ ಮತ್ತೆ ಬೇಕಾಗುವ ಅಂಕಿ ಇದೊಂದೇ. ಉತ್ತರ ಗೋಳಾರ್ಧದಲ್ಲಿ ನಿಂತವರು ತಮ್ಮ ಊರಿನ ಅಕ್ಷಾಂಶವನ್ನೂ ಈ 52.7ನ್ನೂ 90ರಿಂದ ಕಳೆದರೆ, ನೇರ ದಕ್ಷಿಣಕ್ಕೆ ಬಂದಾಗ ಅಗಸ್ತ್ಯ ಎಷ್ಟು ಎತ್ತರಕ್ಕೇರುತ್ತದೆ ಎಂಬುದು ಸಿಗುತ್ತದೆ. ತಲಕಾವೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ, ಆದ್ದರಿಂದ ಇಲ್ಲಿ ಎತ್ತರ ಸುಮಾರು 25 ಡಿಗ್ರಿ. ದೆಹಲಿಯಲ್ಲಿ ಅದು 9 ಡಿಗ್ರಿಯನ್ನೂ ಮುಟ್ಟುವುದಿಲ್ಲ.

ಕುಂಭದ ವಾಕ್ಯ

ಇಬ್ಬರು ಶಿಕ್ಷಕರೂ ಮೆಚ್ಚಿದ ಮೂರನೆಯ ವಾಕ್ಯದಿಂದಲೇ ನಾನು ಆರಂಭಿಸಿದೆ. ಮೊದಲು ಓದಿದಾಗ ನನಗೂ ಅದು ಹಿಡಿಸಿತ್ತೆಂದು ಒಪ್ಪಿಕೊಳ್ಳಬೇಕು. ಅಗಸ್ತ್ಯನಿಗೆ ಕುಂಭಸಂಭವ, ಕುಂಭಯೋನಿ, ಘಟೋದ್ಭವ ಎಂಬ ಹೆಸರುಗಳಿರುವುದು ಎಲ್ಲರಿಗೂ ಗೊತ್ತು. ಈಜಿಪ್ಟಿನವರು ಶವಸಂಸ್ಕಾರದ ವೇಳೆ ಯಕೃತ್ತು, ಶ್ವಾಸಕೋಶ, ಜಠರ, ಕರುಳುಗಳನ್ನು ತುಂಬಿಡುತ್ತಿದ್ದ ನಾಲ್ಕು ಕುಂಭಗಳನ್ನು ಇಂಗ್ಲಿಷಿನಲ್ಲಿ 'ಕ್ಯಾನೋಪಿಕ್ ಜಾರ್' ಎನ್ನುವುದೂ ನಿಜ. ಒಂದು ಕಡೆ ಕುಂಭದಲ್ಲಿ ಹುಟ್ಟಿದ ಮುನಿ, ಇನ್ನೊಂದು ಕಡೆ ಕುಂಭಕ್ಕೆ ಹೆಸರು ಕೊಟ್ಟ ಕ್ಯಾನೋಪಸ್, ನಡುವೆ ಇಬ್ಬರ ಹೆಸರನ್ನೂ ಹೊತ್ತ ಒಂದೇ ನಕ್ಷತ್ರ. ಇಷ್ಟು ಹೊಂದಿಕೆ ಆಕಸ್ಮಿಕವಾಗಿರಲು ಸಾಧ್ಯವೇ ಎಂದು ಆ ಹುಡುಗಿ ಕೇಳಿದ ಪ್ರಶ್ನೆ ಸಹಜವಾದದ್ದೇ.

ಉತ್ತರ ಸಿಗುವುದು ಹೆಸರುಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದಾಗ. ಅಗಸ್ತ್ಯನ ಕುಂಭಜನ್ಮದ ಕಥೆಯ ಬೇರು ಋಗ್ವೇದದ ಏಳನೆಯ ಮಂಡಲದಲ್ಲಿದೆ; ಅಲ್ಲಿ ಮಿತ್ರಾವರುಣರ ರೇತಸ್ಸು ಕುಂಭದಲ್ಲಿ ಬಿದ್ದು ವಸಿಷ್ಠನ ಮತ್ತು ಅಗಸ್ತ್ಯನ ಜನನವಾಯಿತೆಂಬ ಸಂಗತಿ ಬರುತ್ತದೆ. ಮೈತ್ರಾವರುಣಿ ಎಂಬ ಹೆಸರೂ ಅಲ್ಲಿಂದಲೇ. ಆ ಸೂಕ್ತದಲ್ಲಿ ಮಾತು ಋಷಿಯದ್ದೇ ಹೊರತು ದಕ್ಷಿಣದ ಆಕಾಶದ ನಕ್ಷತ್ರದ್ದಲ್ಲ.

ಈಜಿಪ್ಟಿನ ಕಡೆಯ ಕಥೆ ಬೇರೆ. ನೈಲ್ ನದಿಯ ಮುಖಜಭೂಮಿಯ ಪಶ್ಚಿಮದ ತುದಿಯಲ್ಲಿ, ಇಂದಿನ ಅಲೆಕ್ಸಾಂಡ್ರಿಯಾದ ಪೂರ್ವಕ್ಕೆ, ಗ್ರೀಕರು ಕಾನೋಬೋಸ್ ಅಥವಾ ಕಾನೋಪೋಸ್ ಎಂದು ಕರೆಯುತ್ತಿದ್ದ ಪಟ್ಟಣವಿತ್ತು. ನದಿಯ ಒಂದು ಕವಲಿಗೂ ಅದೇ ಹೆಸರಿತ್ತು. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಆ ಕವಲನ್ನು ಉಲ್ಲೇಖಿಸುತ್ತಾನೆ. ಕ್ರಿಸ್ತಪೂರ್ವ 238ರಲ್ಲಿ ಪುರೋಹಿತರ ಸಭೆ ಅಲ್ಲಿ ಸೇರಿ ಹೊರಡಿಸಿದ ಶಾಸನ ಇತಿಹಾಸದಲ್ಲಿ ಹೆಸರಾಗಿದೆ. ನಾಲ್ಕು ವರ್ಷಕ್ಕೊಮ್ಮೆ ಒಂದು ಹೆಚ್ಚಿನ ದಿನ ಸೇರಿಸಬೇಕೆಂದು ಅದು ವಿಧಿಸಿತ್ತು, ಏಕೆಂದರೆ ಲುಬ್ಧಕದ ಉದಯ ಅವರ ಪಂಚಾಂಗದೊಳಗೆ ಜಾರುತ್ತ ಹೋಗುತ್ತಿತ್ತು. ಆ ಪಟ್ಟಣದಲ್ಲಿ ಒಸಿರಿಸ್ ದೇವರನ್ನು ಮನುಷ್ಯನ ತಲೆಯುಳ್ಳ ಕುಂಭದ ರೂಪದಲ್ಲಿ ಪೂಜಿಸುತ್ತಿದ್ದರು. ನೂರಾರು ವರ್ಷಗಳ ನಂತರ ಯುರೋಪಿನ ಪುರಾವಸ್ತು ಪ್ರಿಯರು ಸಮಾಧಿಗಳಲ್ಲಿ ಮನುಷ್ಯನ ಮತ್ತು ಪ್ರಾಣಿಗಳ ತಲೆಯ ಮುಚ್ಚಳವಿದ್ದ ಕುಂಭಗಳನ್ನು ಕಂಡಾಗ, ಅವು ಆ ಪಟ್ಟಣದ ದೇವರ ಕುಂಭಗಳಂತಿವೆಯೆಂದು ಭಾವಿಸಿ 'ಕ್ಯಾನೋಪಿಕ್' ಎಂಬ ಹೆಸರು ಕೊಟ್ಟರು. ಎರಡಕ್ಕೂ ಸಂಬಂಧವಿರಲಿಲ್ಲ; ತಪ್ಪು ಗುರುತಿನಿಂದ ಬಂದ ಹೆಸರು ಹಾಗೆಯೇ ಉಳಿದುಕೊಂಡಿತು.

ಆದ್ದರಿಂದ ಕ್ಯಾನೋಪಿಕ್ ಎಂಬ ಪದಕ್ಕೆ ಕುಂಭ ಎಂಬ ಅರ್ಥವಿಲ್ಲ, 'ಕ್ಯಾನೋಪಸ್ ಎಂಬ ಊರಿನ' ಎಂದಷ್ಟೇ ಅರ್ಥ. ಮಂಗಳೂರಿನ ಹೆಂಚು ಎನ್ನುವಾಗ ಮಂಗಳೂರು ಎಂದರೆ ಹೆಂಚು ಎಂದು ಯಾರೂ ತಿಳಿಯುವುದಿಲ್ಲವಲ್ಲ. ನಕ್ಷತ್ರಕ್ಕೆ ಗ್ರೀಕರು ಹೆಸರು ಕೊಡುವಾಗ ಅವರ ಮನಸ್ಸಿನಲ್ಲಿ ಸಮಾಧಿಯ ಕುಂಭ ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಆ ಕುಂಭಗಳಿಗೆ ಆ ಹೆಸರು ಇನ್ನೂ ಬಂದಿರಲಿಲ್ಲ.

ಹಾಗಾದರೆ ಊರಿಗೂ ನಕ್ಷತ್ರಕ್ಕೂ ಆ ಹೆಸರು ಎಲ್ಲಿಂದ ಬಂತು? ಗ್ರೀಕರು ಹೇಳುತ್ತಿದ್ದ ಕಥೆಯ ಪ್ರಕಾರ ಕಾನೋಬೋಸ್ ಎಂಬವನು ಟ್ರಾಯ್ ಯುದ್ಧದಿಂದ ಹಿಂದಿರುಗುತ್ತಿದ್ದ ಮೆನೆಲಾಸ್ ಅರಸನ ಹಡಗಿನ ಚುಕ್ಕಾಣಿಗ. ಈಜಿಪ್ಟಿನ ದಡದಲ್ಲಿ ಹಾವು ಕಚ್ಚಿ ಸತ್ತ ಅವನ ಹೆಸರು ಆ ಸ್ಥಳಕ್ಕೂ ನಕ್ಷತ್ರಕ್ಕೂ ಉಳಿಯಿತು. ಭೂಗೋಳಕಾರ ಸ್ಟ್ರೇಬೋ ಊರಿನ ಹೆಸರಿಗೆ ಇದೇ ಕಾರಣವನ್ನು ಕೊಡುತ್ತಾನೆ. ಆದರೆ ಹೋಮರನ ಒಡಿಸ್ಸಿಯಲ್ಲಿ ಮೆನೆಲಾಸನ ಚುಕ್ಕಾಣಿಗನ ಹೆಸರು ಫ್ರಾಂಟಿಸ್, ಅವನು ಸಾಯುವುದು ಗ್ರೀಸಿನ ಸೂನಿಯೊನ್ ಭೂಶಿರದಲ್ಲಿ. ಹಳೆಯ ಕಾವ್ಯದಲ್ಲಿಲ್ಲದ ಚುಕ್ಕಾಣಿಗ ನಂತರದ ಕಥೆಗಳಲ್ಲಿ ಪ್ರತ್ಯಕ್ಷನಾದನೆಂದರೆ, ಊರಿನ ಹೆಸರನ್ನು ವಿವರಿಸಲೆಂದೇ ಅವನನ್ನು ಸೃಷ್ಟಿಸಿದ್ದಾರೆಂಬ ಶಂಕೆಗೆ ಆಸ್ಪದವಿದೆ. ಇನ್ನೊಂದು ವಿವರಣೆ 2ನೆಯ ಶತಮಾನದ ವಾಗ್ಮಿ ಏಲಿಯಸ್ ಅರಿಸ್ಟೈಡೀಸ್ ಈಜಿಪ್ಟಿನ ಪುರೋಹಿತನೊಬ್ಬನಿಂದ ಕೇಳಿದ್ದು: ಅದು ಗ್ರೀಕ್ ಹೆಸರೇ ಅಲ್ಲ, ಈಜಿಪ್ಟಿನ ಭಾಷೆಯಲ್ಲಿ 'ಚಿನ್ನದ ನೆಲ' ಎಂಬುದೇ ಅದರ ಅರ್ಥ. ವಿದ್ವಾಂಸರು ಎರಡು ಪಕ್ಷಗಳನ್ನೂ ಮುಂದಿಡುತ್ತಾರೆ. ಕುಂಭ ಯಾವ ಪಕ್ಷದಲ್ಲಿಯೂ ಇಲ್ಲ.

ಚುಕ್ಕಾಣಿಗನ ಕಥೆ ಕಟ್ಟುಕಥೆಯಾದರೂ ಆಕಾಶದಲ್ಲಿ ಅದಕ್ಕೆ ತಕ್ಕ ಸ್ಥಾನ ಸಿಕ್ಕಿತು. 2ನೆಯ ಶತಮಾನದ ಖಗೋಳಜ್ಞ ಟಾಲೆಮಿಯ ನಕ್ಷತ್ರಪಟ್ಟಿಯಲ್ಲಿ ಈ ನಕ್ಷತ್ರ ಆರ್ಗೋ ಎಂಬ ಮಹಾನೌಕೆಯ ಚುಕ್ಕಾಣಿಯಲ್ಲಿದೆ. 18ನೆಯ ಶತಮಾನದಲ್ಲಿ ಫ್ರಾನ್ಸಿನ ಖಗೋಳಜ್ಞ ಲಕಾಯ್ ದಕ್ಷಿಣ ಆಫ್ರಿಕಾದ ತುದಿಯಿಂದ ಈ ನಕ್ಷತ್ರಗಳನ್ನು ಅಳೆದು, ತೀರ ದೊಡ್ಡದಾಗಿದ್ದ ನೌಕೆಯನ್ನು ಭಾಗಗಳಾಗಿ ಒಡೆದ ಮೇಲೆ ಅದು ನೌಕೆಯ ತಳದ ತೊಲೆಯ, ಅಂದರೆ ಕರೀನಾ ಎಂಬ ನಕ್ಷತ್ರಪುಂಜದ ಪಾಲಾಯಿತು. ಕ್ಯಾನೋಪಸ್ ಎಂಬ ಹೆಸರನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅಧಿಕೃತಗೊಳಿಸಿದ್ದು ಮಾತ್ರ ಇತ್ತೀಚೆಗೆ, 2016ರಲ್ಲಿ.

ಇದನ್ನೆಲ್ಲ ಕೇಳಿದ ಹುಡುಗಿಯ ಮುಖ ಸಪ್ಪಗಾಯಿತು. ಮೂರು ವಾಕ್ಯಗಳಲ್ಲಿ ಇದೊಂದೇ ಅವಳು ಸ್ವಂತ ಬುದ್ಧಿಯಿಂದ ಕಂಡುಕೊಂಡದ್ದಂತೆ. ಉಳಿದೆರಡು ಕೇಳಿ ಬರೆದವು.

ಬೆಟ್ಟದ ವಾಕ್ಯ

'ಬೆಟ್ಟವನ್ನು ನಿಲ್ಲಿಸಿದವನು' ಎಂಬ ಅರ್ಥ ನಮ್ಮಲ್ಲಿ ಹರಿಕಥೆಯಿಂದ ಪಠ್ಯಪುಸ್ತಕದವರೆಗೆ ಎಲ್ಲೆಡೆ ಪ್ರಚಲಿತವಾಗಿದೆ. ಅಗ ಎಂದರೆ ಚಲಿಸದ್ದು, ಅಂದರೆ ಬೆಟ್ಟ ಅಥವಾ ಮರ. ಮೇರುವಿನ ಮೇಲಿನ ಅಸೂಯೆಯಿಂದ ಸೂರ್ಯನ ದಾರಿಗೆ ಅಡ್ಡವಾಗಿ ಬೆಳೆಯುತ್ತಿದ್ದ ವಿಂಧ್ಯಪರ್ವತದ ಬಳಿಗೆ ಅಗಸ್ತ್ಯ ಬಂದು, ತಾನು ದಕ್ಷಿಣದಿಂದ ಮರಳುವವರೆಗೂ ಬೆಳೆಯಬಾರದೆಂದು ಮಾತು ತೆಗೆದುಕೊಂಡು, ಮರಳಲೇ ಇಲ್ಲವೆಂಬ ಕಥೆ ಮಹಾಭಾರತದ ವನಪರ್ವದಲ್ಲಿದೆ. ಆದರೆ ವ್ಯಾಕರಣದ ಉಣಾದಿಸೂತ್ರಗಳ ಪರಂಪರೆ ಅಗಸ್ತಿ ಎಂಬ ಪದವನ್ನು ಬಿಡಿಸುವುದು ಬೇರೆ ರೀತಿಯಲ್ಲಿ: ಅಗ ಎಂಬುದಕ್ಕೆ ಎಸೆಯುವುದೆಂಬ ಅರ್ಥದ ಧಾತು ಸೇರಿ 'ಬೆಟ್ಟವನ್ನು ಎಸೆಯುವವನು' ಎಂದಾಗುತ್ತದೆ. ವಿಂಧ್ಯದ ಕಥೆಯಲ್ಲಿ ಮುನಿ ಬೆಟ್ಟವನ್ನು ಎಸೆಯುವುದಿಲ್ಲ, ಮಾತಿನಲ್ಲಿ ಕಟ್ಟಿಹಾಕುತ್ತಾನೆ. ನಿಲ್ಲಿಸಿದವನು ಎಂಬ ವ್ಯುತ್ಪತ್ತಿ ಕಥೆಗೆ ಸರಿಹೊಂದುವಂತೆ ಆಮೇಲೆ ಹೊಲಿದ ಅಂಗಿಯೆಂದು ನನಗೆ ಅನ್ನಿಸುತ್ತದೆ.

ಇಲ್ಲಿ ಒಂದು ಮರದ ವಿಷಯವನ್ನೂ ಹೇಳಬೇಕು. ನಾವು ಅಗಸೆ ಎನ್ನುವ, ಕೊಕ್ಕಿನಂತೆ ಬಾಗಿದ ದೊಡ್ಡ ಹೂ ಬಿಡುವ ಮರಕ್ಕೆ ಸಂಸ್ಕೃತದಲ್ಲಿ ಅಗಸ್ತ್ಯ, ಅಗಸ್ತಿ, ಮುನಿದ್ರುಮ ಎಂಬ ಹೆಸರುಗಳಿವೆ. ಎಣ್ಣೆ ಕೊಡುವ ಅಗಸೆಬೀಜದ ಗಿಡ ಬೇರೆ, ಉತ್ತರ ಕರ್ನಾಟಕದ ಊರಬಾಗಿಲ ಅಗಸೆಯೂ ಬೇರೆ. ಮುನಿಯ ಹೆಸರು ಮರಕ್ಕೆ ಬಂತೋ ಮರದ ಹೆಸರು ಮುನಿಯ ವಂಶಕ್ಕೆ ಬಂತೋ ಎಂಬ ವಾದದಲ್ಲಿ ಭಾಷಾಶಾಸ್ತ್ರಜ್ಞರು ಒಮ್ಮತಕ್ಕೆ ಬಂದಿಲ್ಲ. ಫಲಕದ ಮಟ್ಟಿಗೆ ತಿಳಿಯಬೇಕಾದದ್ದು ಇಷ್ಟೇ: ಮೊದಲು ಮುನಿಯ ಹೆಸರು, ಆಮೇಲೆ ನಕ್ಷತ್ರದ ಹೆಸರು. ಅಮರಕೋಶದ ದಿಗ್ವರ್ಗದಲ್ಲಿ ಧ್ರುವನ ಹೆಸರಾದ ಕೂಡಲೇ ಅಗಸ್ತ್ಯನ ಹೆಸರು ಬರುತ್ತದೆ, ಉತ್ತರಕ್ಕೊಬ್ಬ, ದಕ್ಷಿಣಕ್ಕೊಬ್ಬ. ಅಲ್ಲಿ ಅವನು ಆಶ್ರಮದ ಋಷಿಯಾಗಿ ಅಲ್ಲ, ಗ್ರಹನಕ್ಷತ್ರಗಳ ನಡುವೆ ಬೆಳಗುವವನಾಗಿ ಇದ್ದಾನೆ. ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತವು ಅವನ ಸ್ಥಾನವನ್ನು ಮಿಥುನದ ಅಂತ್ಯದಲ್ಲಿ, ವಿಷುವದ್ವೃತ್ತದಿಂದಲ್ಲ, ಆಕಾಶದಲ್ಲಿ ಸೂರ್ಯ ಸಾಗುವ ದಾರಿಯಿಂದ 80 ಡಿಗ್ರಿ ದಕ್ಷಿಣದಲ್ಲಿ ಎಂದು ಅಂಕಿಯಲ್ಲೇ ಹೇಳುತ್ತದೆ. ಈ ಅಗಸ್ತ್ಯನೇ ಅರಬರ ಸುಹೈಲ್ ಎಂಬುದನ್ನು 11ನೆಯ ಶತಮಾನದಲ್ಲಿ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ಗುರುತಿಸಿದ್ದಾನೆ. ಹೀಗಾಗಿ ಯಾವ ನಕ್ಷತ್ರ ಎಂಬ ವಿಷಯದಲ್ಲಿ ಗೊಂದಲವಿಲ್ಲ.

ವಿಂಧ್ಯದ ಕಥೆಗೂ ನಕ್ಷತ್ರಕ್ಕೂ ಇರುವ ಹೊಂದಿಕೆ ಮಾತ್ರ ಸುಳ್ಳಲ್ಲ. ಉತ್ತರದಿಂದ ದಕ್ಷಿಣಕ್ಕೆ ನಡೆದುಬಂದವನಿಗೆ ಹಿಂದಿನ ಬೆಟ್ಟಗಳು ತಗ್ಗುತ್ತ, ಮುಂದಿನ ಅಗಸ್ತ್ಯ ಏರುತ್ತ ಹೋಗುತ್ತದೆ: ವಿಂಧ್ಯದ ಸಾಲಿನಲ್ಲಿ ಸುಮಾರು 14 ಡಿಗ್ರಿ, ಕೊಡಗಿನಲ್ಲಿ 25, ಕನ್ಯಾಕುಮಾರಿಯಲ್ಲಿ 29. ಇದೇ ಏರಿಳಿತವನ್ನು ಕ್ರಿಸ್ತಪೂರ್ವ 1ನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಪೊಸಿಡೋನಿಯಸ್ ಲೆಕ್ಕಕ್ಕೆ ಬಳಸಿಕೊಂಡ. ರೋಡ್ಸ್ ದ್ವೀಪದಲ್ಲಿ ದಿಗಂತವನ್ನು ಸವರಿಕೊಂಡು ಹೋಗುವ ಈ ನಕ್ಷತ್ರ ಅಲೆಕ್ಸಾಂಡ್ರಿಯಾದಲ್ಲಿ ವೃತ್ತದ 48ನೆಯ ಒಂದು ಭಾಗದಷ್ಟು ಏರುತ್ತದೆಂದು ಹಿಡಿದು, ಎರಡು ಊರುಗಳ ನಡುವಿನ ದೂರವನ್ನು 48ರಿಂದ ಗುಣಿಸಿ ಭೂಮಿಯ ಸುತ್ತಳತೆಯನ್ನು ಹೇಳಿದ. ಅವನ ಅಳತೆಗಳಲ್ಲಿ ದೋಷವಿತ್ತು, ವಿಧಾನದಲ್ಲಿ ಇರಲಿಲ್ಲ. ಒಂದೇ ನಕ್ಷತ್ರದ ಒಂದೇ ವರ್ತನೆ ಒಂದು ಕಡೆ ಮಣಿದ ಪರ್ವತದ ಕಥೆಯ ಜೊತೆಗೂ ಇನ್ನೊಂದು ಕಡೆ ಭೂಮಿಯ ಅಳತೆಯ ಜೊತೆಗೂ ಕೂಡಿಕೊಂಡಿತೆಂಬುದು ನನಗೆ ಕುಂಭದ ಹೋಲಿಕೆಗಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು. ಹುಡುಗಿಗೂ ಹಾಗೆಯೇ ಕಂಡಿತೆಂದು ಹೇಳಲಾರೆ.

ಈ ಕಥೆಯಿಂದ ದಕ್ಷಿಣಕ್ಕೆ ಬಂದ ಜನರ ಕಾಲವನ್ನೇ ಕಂಡುಹಿಡಿಯುವ ಪ್ರಯತ್ನಗಳೂ ನಡೆದಿವೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಅಗಸ್ತ್ಯ 5000 ವರ್ಷಗಳ ಹಿಂದೆ ಈಗಿಗಿಂತ ಸುಮಾರು 3 ಡಿಗ್ರಿ ದಕ್ಷಿಣಕ್ಕಿತ್ತು, ಅದಕ್ಕೂ ಹಿಂದೆ ಇನ್ನೂ ಕೆಳಗಿತ್ತು, ಎಂಬ ಗಣಿತ ಸರಿಯಾಗಿದೆ. ಆದರೆ ಗಣಿತ ಸರಿಯಾದ ಮಾತ್ರಕ್ಕೆ ಕಥೆಗೆ ತಾರೀಖು ಬರುವುದಿಲ್ಲ. ಅದನ್ನು ಫಲಕದಲ್ಲಿ ಸೇರಿಸಬೇಕೆಂದು ಬಂದ ಸಲಹೆಯನ್ನು ನಾನು ಒಪ್ಪಲಿಲ್ಲ.

ತೀರ್ಥದ ವಾಕ್ಯ

ಎರಡನೆಯ ವಾಕ್ಯವನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣವಿದೆ. ಅದು ಕೊಡಗಿನ ಮನೆಮನೆಯ ನಂಬಿಕೆಗೆ ತಾಗುವ ವಿಷಯ. ಕವೇರ ಮುನಿಗೆ ಬ್ರಹ್ಮ ಕೊಟ್ಟ ಮಗಳು ಲೋಪಾಮುದ್ರೆ, ಅವಳನ್ನು ಮದುವೆಯಾದ ಅಗಸ್ತ್ಯ, ತನ್ನನ್ನು ಒಂಟಿಯಾಗಿ ಬಿಡಬಾರದೆಂಬ ಅವಳ ಷರತ್ತು, ಕಮಂಡಲದಲ್ಲಿ ಅವಳನ್ನಿರಿಸಿ ಮುನಿ ಸ್ನಾನಕ್ಕೆ ಹೋದಾಗ ಅವಳು ಹರಿದು ಹೊರಟದ್ದು, ಶಿಷ್ಯರು ತಡೆಯಲು ಬಂದಾಗ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆದ್ದದ್ದು, ಬಲಮುರಿಯಲ್ಲಿ ಪ್ರವಾಹದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿದದ್ದು, ಇವನ್ನೆಲ್ಲ ಇಲ್ಲಿಯ ಮಕ್ಕಳು ಯಾರೂ ಪುಸ್ತಕ ನೋಡಿ ಕಲಿಯುವುದಿಲ್ಲ. ಮಹಾಭಾರತದ ಲೋಪಾಮುದ್ರೆ ವಿದರ್ಭದ ಅರಮನೆಯಲ್ಲಿ ಬೆಳೆದವಳು, ನದಿಯಾದವಳಲ್ಲ. ಕೊಡಗಿನವರಿಗೆ ಅವಳು ಕಾವೇರಮ್ಮೆ. ತಲಕಾವೇರಿಯಲ್ಲಿ ಅಗಸ್ತ್ಯೇಶ್ವರನ ಗುಡಿಯೂ ಇದೆ.

ಹುಡುಗಿಯ ಅಜ್ಜಿಯನ್ನು ನಾನು ಕೇಳಿದೆ. ಅಗಸ್ತ್ಯ ಮುನಿಯ ಬಗ್ಗೆ ಅವರು ಅರ್ಧ ಗಂಟೆ ಹೇಳಿದರು. ಅಗಸ್ತ್ಯ ನಕ್ಷತ್ರದ ಬಗ್ಗೆ ಕೇಳಿದಾಗ, ಆಕಾಶದಲ್ಲಿ ತಮಗೆ ಬೇಕಾದದ್ದು ಸುಗ್ಗಿಯ ಹಬ್ಬವಾದ ಪುತ್ತರಿಗೆ ರೋಹಿಣಿ ಮಾತ್ರ ಎಂದರು. ಮಾತು ಸರಿಯಾಗಿತ್ತು. ಕದಿರು ತೆಗೆಯುವ ದಿನವನ್ನು ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ನಿಶ್ಚಯಿಸುವಾಗ ಹುಣ್ಣಿಮೆಯ ಸುತ್ತಿನ ರೋಹಿಣಿಯನ್ನು ಲೆಕ್ಕ ಹಾಕುತ್ತಾರೆ. ಅದೇ ರಾತ್ರಿ 9 ಗಂಟೆಯ ಆಸುಪಾಸಿನಲ್ಲಿ ಆಗ್ನೇಯಕ್ಕೂ ತುಸು ದಕ್ಷಿಣಕ್ಕೆ ಅಗಸ್ತ್ಯ ಮೂಡುತ್ತದೆ. ಪಟಾಕಿ ಮತ್ತು ದುಡಿಯ ಸದ್ದಿನ ನಡುವೆ ಅದನ್ನು ಯಾರು ನೋಡುತ್ತಾರೆ? ಮುನಿಯ ಹೆಸರು ಇಲ್ಲಿಯ ನೆಲದಲ್ಲಿ ಬೇರೂರಿದೆ, ನಕ್ಷತ್ರದ ಹೆಸರು ಪಂಚಾಂಗದ ಮೂಲಕ ಬಂದದ್ದು.

ಪಂಚಾಂಗದ ಅಗಸ್ತ್ಯೋದಯ ಎಂದರೆ ಸೂರ್ಯನ ಬೆಳಕಿನಲ್ಲಿ ತಿಂಗಳುಗಳ ಕಾಲ ಮರೆಯಾಗಿದ್ದ ನಕ್ಷತ್ರ ಮೊದಲ ಬಾರಿಗೆ ನಸುಕಿನಲ್ಲಿ ಕಾಣಿಸಿಕೊಳ್ಳುವುದು. 6ನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟು, ಉದಯದ ದಿನ ಊರಿಂದೂರಿಗೆ ಬದಲಾಗುತ್ತದೆಂದೂ ಉಜ್ಜಯಿನಿಯಲ್ಲಿ ಸೂರ್ಯ ಕನ್ಯಾರಾಶಿಗೆ 7 ಡಿಗ್ರಿ ದೂರವಿರುವಾಗ ಅದು ಸಂಭವಿಸುತ್ತದೆಂದೂ ಹೇಳಿದ್ದಾನೆ. ಅಗಸ್ತ್ಯ ಉದಯಿಸಿದಾಗ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆಂಬ ನಂಬಿಕೆ ಅಲ್ಲಿಯೂ ಇದೆ, ಕಾಳಿದಾಸನ ರಘುವಂಶದಲ್ಲಿಯೂ ಇದೆ. ಉಜ್ಜಯಿನಿಗೆ ಅದು ಒಪ್ಪುತ್ತದೆ. ಕೊಡಗಿನ ಅಕ್ಷಾಂಶದಲ್ಲಿ ಲೆಕ್ಕ ಹಾಕಿದರೆ ಉದಯ ಬರುವುದು ಆಗಸ್ಟ್ ಆರಂಭದಲ್ಲಿ, ಅಂದರೆ ಕಕ್ಕಡ ತಿಂಗಳ ನಡುವೆ. ಆಗ ಇಲ್ಲಿ ನೀರು ತಿಳಿಯಾಗುವ ಮಾತೆಲ್ಲಿ? ಭಾಗಮಂಡಲದ ಸಂಗಮವೇ ಮುಳುಗಿರುತ್ತದೆ. 2020ರಲ್ಲಿ ಬ್ರಹ್ಮಗಿರಿಯ ಮಗ್ಗುಲು ಕುಸಿದದ್ದೂ ಆಗಸ್ಟ್ ಮೊದಲ ವಾರದಲ್ಲೇ. ನೀರು ತಿಳಿಗೊಳಿಸುವವನು ಎಂಬ ಅಗಸ್ತ್ಯನ ಕೀರ್ತಿ ಮಧ್ಯಭಾರತದ ಋತುಮಾನದಲ್ಲಿ ಹುಟ್ಟಿದ್ದು. ಕೊಡಗಿನ ಮಳೆ ಅದಕ್ಕೆ ಸಾಕ್ಷಿ ಹೇಳುವುದಿಲ್ಲ.

ಆದ್ದರಿಂದ ತುಲಾ ಸಂಕ್ರಮಣದಂದು ನಕ್ಷತ್ರ 'ಹುಟ್ಟುವುದು' ಶಾಸ್ತ್ರದ ಅರ್ಥದಲ್ಲಿ ಸರಿಯಲ್ಲ. ಅದು ಹುಟ್ಟಿ ಎರಡೂವರೆ ತಿಂಗಳಾಗಿರುತ್ತದೆ. 'ಆದ್ದರಿಂದ ತೀರ್ಥ ಉಕ್ಕುತ್ತದೆ' ಎಂಬುದನ್ನು ಪರೀಕ್ಷಿಸುವುದು ಇನ್ನೂ ಸುಲಭ. ತೀರ್ಥೋದ್ಭವದ ಮುಹೂರ್ತ ಸೂರ್ಯ ತುಲಾ ರಾಶಿಯನ್ನು ಪ್ರವೇಶಿಸುವ ಕ್ಷಣ. ಪ್ರತಿ ವರ್ಷ ಅದು ಆರು ಗಂಟೆಗಿಂತ ತುಸು ಹೆಚ್ಚು ಮುಂದೆ ಸರಿಯುತ್ತದೆ. 2021ರಲ್ಲಿ ಅದು ಮಧ್ಯಾಹ್ನ 1 ಗಂಟೆಯ ನಂತರ ಬಂತು, 2022ರಲ್ಲಿ ಸಂಜೆ 7ರ ನಂತರ, 2023ರಲ್ಲಿ ನಡುರಾತ್ರಿ ಕಳೆದು 1 ಗಂಟೆಯ ಮೇಲೆ, 2024ರಲ್ಲಿ ಬೆಳಗ್ಗೆ 7.40ರ ಸುಮಾರಿಗೆ. ಅಕ್ಟೋಬರ್ 17ರ ಆಸುಪಾಸಿನಲ್ಲಿ ಅಗಸ್ತ್ಯ ಮೂಡುವುದು ರಾತ್ರಿ 12.15ರ ಹೊತ್ತಿಗೆ, ಮುಳುಗುವುದು ಬೆಳಗ್ಗೆ 10ರ ಹೊತ್ತಿಗೆ. ಅಂದರೆ 2021 ಮತ್ತು 2022ರಲ್ಲಿ ತೀರ್ಥ ಉಕ್ಕಿದಾಗ ಅಗಸ್ತ್ಯ ದಿಗಂತದ ಕೆಳಗಿತ್ತು, 2023ರಲ್ಲಿ ಮೇಲೆದ್ದು ಒಂದು ಗಂಟೆಯಾಗಿತ್ತು, 2024ರಲ್ಲಿ ಹಗಲ ಬೆಳಕಿನಲ್ಲಿ ಅಡಗಿತ್ತು. ನಕ್ಷತ್ರವೇ ಕಾರಣವಾಗಿದ್ದರೆ ನಾಲ್ಕು ವರ್ಷದಲ್ಲಿ ಎರಡು ವರ್ಷ ಭಕ್ತರು ಬರಿಗೈಯಲ್ಲಿ ಹಿಂದಿರುಗಬೇಕಾಗಿತ್ತು.

ಇಷ್ಟು ಹೇಳಿ ವಾಕ್ಯವನ್ನು ಹೊಡೆದುಹಾಕಲು ನಾನು ಪೆನ್ನು ತೆಗೆದಾಗಲೇ ಲೆಕ್ಕದ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ರಾತ್ರಿ 12.15ಕ್ಕೆ ಮೂಡಿದ ಅಗಸ್ತ್ಯ ನೇರ ದಕ್ಷಿಣಕ್ಕೆ, ತನ್ನ ಗರಿಷ್ಠ ಎತ್ತರಕ್ಕೆ ಬರುವುದು ನಸುಕಿನ 5 ಗಂಟೆ ದಾಟಿ ಹತ್ತು ನಿಮಿಷದೊಳಗೆ, ಪೂರ್ವದಲ್ಲಿ ಬೆಳಕು ಹರಿಯಲು ಆರಂಭವಾಗುವ ಹೊತ್ತಿನಲ್ಲಿ. ಮುಹೂರ್ತ ಯಾವಾಗಲೇ ಇರಲಿ, ಆ ದಿನ ನಸುಕಿನಲ್ಲಿ ಮೆಟ್ಟಿಲು ಹತ್ತುವವರ ಮುಂದೆ, ಮೋಡವಿಲ್ಲದಿದ್ದರೆ, ದಕ್ಷಿಣದ ಆಕಾಶದ ನಟ್ಟನಡುವೆ ಕಾವೇರಿಯ ಗಂಡನ ಹೆಸರಿನ ನಕ್ಷತ್ರ ನಿಂತಿರುತ್ತದೆ. ಇದು ಯಾರ ಯೋಜನೆಯೂ ಅಲ್ಲ. 1500 ವರ್ಷಗಳ ಹಿಂದೆ ತುಲಾ ಸಂಕ್ರಮಣ ಸೆಪ್ಟೆಂಬರಿನ ವಿಷುವದ, ಅಂದರೆ ಹಗಲು ರಾತ್ರಿ ಸಮನಾಗುವ ದಿನದ, ಹತ್ತಿರ ಬೀಳುತ್ತಿದ್ದಾಗ ಅಗಸ್ತ್ಯ ಈ ಸ್ಥಾನಕ್ಕೆ ಬರುವ ಹೊತ್ತಿಗೆ ಸೂರ್ಯೋದಯವೇ ಆಗುತ್ತಿತ್ತು. ನಮ್ಮ ಕಾಲಕ್ಕೆ ಒದಗಿ ಬಂದ ಹೊಂದಿಕೆ ಅಷ್ಟೇ. ಆದರೂ ಅದು ಕಣ್ಣಾರೆ ಕಾಣುವಂಥದ್ದು, ಫಲಕದಲ್ಲಿ ಧೈರ್ಯವಾಗಿ ಬರೆಯಬಹುದಾದದ್ದು.

ಪ್ರತ್ಯಕ್ಷ ಪರೀಕ್ಷೆ

ನೋಡದೆ ಬರೆಯುವುದು ಬೇಡವೆಂದು ನಿರ್ಧರಿಸಿ ಅಕ್ಟೋಬರ್ ಮೂರನೆಯ ವಾರದಲ್ಲಿ ಹುಡುಗಿಯ ಮನೆಯ ಕಣದಲ್ಲಿ ನಸುಕಿಗೆ ಸೇರಿದೆವು. ಮೊದಲ ದಿನ ಮಂಜು, ಎರಡನೆಯ ದಿನ ಮಳೆ. ಮೂರನೆಯ ದಿನ 4.45ಕ್ಕೆ ಆಕಾಶ ಬಿಟ್ಟಿತ್ತು. ಲುಬ್ಧಕವನ್ನು ಮೊದಲು ಹುಡುಕಿ, ಅಲ್ಲಿಂದ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿಯುವಂತೆ ಹೇಳಿದೆ. ತೋಟದ ಸಿಲ್ವರ್ ಓಕ್ ಮರಗಳ ತುದಿಯ ಮೇಲೆ, ತುಸು ಹಳದಿ ಬೆರೆತ ಬಿಳಿಯ ಬಣ್ಣದಲ್ಲಿ, ಅದೊಂದೇ ಇತ್ತು; ಸುತ್ತ ಅದಕ್ಕೆ ಸಾಟಿಯಾದ ಇನ್ನೊಂದು ಇರಲಿಲ್ಲ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿಯನ್ನು ಮುಚ್ಚುತ್ತದೆ. ಹುಡುಗಿ ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಎಣಿಸಿದಳು: ಎರಡೂವರೆ. ಅಜ್ಜಿ ಶಾಲು ಹೊದ್ದು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಇಷ್ಟು ವರ್ಷ ಅದನ್ನು ಬೆಳಗಿನ ಶುಕ್ರ ಎಂದುಕೊಂಡಿದ್ದೆ ಎಂದರು. ಶುಕ್ರ ಎಂದೂ ದಕ್ಷಿಣಕ್ಕೆ ಅಷ್ಟು ದೂರ ಹೋಗುವುದಿಲ್ಲವೆಂದು ನಾನು ಹೇಳಲು ಹೋಗಿ, ಹೇಳಲಿಲ್ಲ.

ತಿದ್ದಿದ ಫಲಕ

ಕೊನೆಗೆ ಫಲಕದಲ್ಲಿ ಉಳಿದ ಬರಹ ಇದು: 'ಅಗಸ್ತ್ಯ ಮುನಿಯ ಹೆಸರನ್ನು ನಮ್ಮ ಹಳೆಯ ಜ್ಯೋತಿಷ ಗ್ರಂಥಗಳು ಈ ನಕ್ಷತ್ರಕ್ಕೆ ಕೊಟ್ಟಿವೆ, ಆ ಹೆಸರಿಗೆ ಬೆಟ್ಟವನ್ನು ಎಸೆಯುವವನೆಂದು ವೈಯಾಕರಣರೂ ಬೆಟ್ಟವನ್ನು ನಿಲ್ಲಿಸಿದವನೆಂದು ಪೌರಾಣಿಕರೂ ಅರ್ಥ ಹೇಳುತ್ತಾರೆ. ತುಲಾ ಸಂಕ್ರಮಣದ ದಿನ ನಸುಕಿನ 5 ಗಂಟೆ ದಾಟಿದಾಗ ಇದು ಕೊಡಗಿನಿಂದ ನೇರ ದಕ್ಷಿಣದಲ್ಲಿ, ಎರಡೂವರೆ ಮುಷ್ಟಿ ಎತ್ತರದಲ್ಲಿ ಕಾಣುತ್ತದೆ. ಕ್ಯಾನೋಪಸ್ ಎಂಬುದು ಗ್ರೀಕರಿಂದ ಬಂದ ಬೇರೆ ಹೆಸರು. ನೈಲ್ ನದಿಯ ದಡದ ಒಂದು ಊರಿಗೂ ಅದೇ ಹೆಸರಿತ್ತು.' ಕುಂಭವನ್ನು ಬಿಟ್ಟುಕೊಡಲು ಹುಡುಗಿಗೆ ಮನಸ್ಸಿರಲಿಲ್ಲ. ಚಿತ್ರದ ಮೂಲೆಯಲ್ಲಿ ಸಣ್ಣದೊಂದು ಕಮಂಡಲವನ್ನು ಬರೆದುಕೊಳ್ಳಲು ಅವಕಾಶ ಕೊಟ್ಟೆವು.

ಪ್ರದರ್ಶನದ ದಿನ ಮಗನನ್ನು ಕರೆದುಕೊಂಡು ಬಂದಿದ್ದ ಒಬ್ಬರು, ಹಲವು ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಊರಿಗೆ ಮರಳಿದವರು, ಫಲಕದ ಮುಂದೆ ನಿಂತು ಇದು ಸುಹೈಲ್ ತಾನೆ ಎಂದು ಕೇಳಿದರು. ಆಗಸ್ಟ್ ಕೊನೆಯ ವಾರದಲ್ಲಿ ಅಲ್ಲಿ ಇದು ನಸುಕಿನಲ್ಲಿ ಕಾಣಿಸಿಕೊಂಡರೆ ಬೇಸಿಗೆಯ ಉರಿ ಇಳಿಯುವ ಕಾಲ ಬಂತೆಂದು ಎಲ್ಲರೂ ಮಾತನಾಡಿಕೊಳ್ಳುತ್ತಾರೆಂದೂ, ಹೊರಗೆ ಬಿಸಿಲಿನಲ್ಲಿ ಕೆಲಸ ಮಾಡುವವರು ಆ ದಿನಕ್ಕಾಗಿ ಕಾಯುತ್ತಾರೆಂದೂ ಹೇಳಿದರು. ಪಕ್ಕದಲ್ಲಿದ್ದ ಮಗನ ಹೆಸರೂ ಸುಹೇಲ್. ಮಧ್ಯಾಹ್ನ ನಾನು ಮತ್ತೆ ಆ ಕೊಠಡಿಗೆ ಹೋದಾಗ ಫಲಕದಲ್ಲಿ ಅಚ್ಚುಕಟ್ಟಾದ ಅಕ್ಷರಗಳ ಕೆಳಗೆ ಬಾಲ್‌ಪೆನ್ನಿನಲ್ಲಿ ಬರೆದ ನಾಲ್ಕನೆಯ ವಾಕ್ಯವೊಂದು ಸೇರಿಕೊಂಡಿತ್ತು: 'ಅರಬರು ಇದನ್ನು ಸುಹೈಲ್ ಎನ್ನುತ್ತಾರೆ, ಅಲ್ಲಿ ಇದು ಸೆಕೆ ಮುಗಿಸುವ ನಕ್ಷತ್ರ.' ಅದನ್ನು ಬರೆಯುವ ಮೊದಲು ಅವಳು ಯಾರನ್ನೂ ಕೇಳಿರಲಿಲ್ಲ.